ಮಯಸ್ತೇನಿಯಾ ಗ್ರೇವಿಸ್: ಒಂದೊಂದು ಔಷಧಕ್ಕೂ ಅದರದೇ ಗಡಿಯಾರ

ಬೆಳಿಗ್ಗೆ ಎದ್ದಾಗ ಸರಿಯಾಗಿದ್ದ ರೆಪ್ಪೆ ಸಂಜೆ ಹೊತ್ತಿಗೆ ಜೋತುಬಿದ್ದಿರುತ್ತದೆ. ಮೊದಲ ಚಪಾತಿ ಸಲೀಸಾಗಿ ಇಳಿದು, ಎರಡನೆಯದಕ್ಕೆ ದವಡೆ ಸೋತುಹೋಗುತ್ತದೆ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ದನಿ ಮೂಗಿನಲ್ಲಿ ಬರತೊಡಗುತ್ತದೆ. ದುಡಿದಷ್ಟೂ ಸ್ನಾಯು ಸೋಲುವುದು, ವಿಶ್ರಾಂತಿ ಸಿಕ್ಕರೆ ಸ್ವಲ್ಪ ಚೇತರಿಸಿಕೊಳ್ಳುವುದು ಮಯಸ್ತೇನಿಯಾ ಗ್ರೇವಿಸ್‌ನ ಗುರುತು. ಅದನ್ನು ಪತ್ತೆ ಹಚ್ಚುವುದು ಹೇಗೆಂದು ಇಲ್ಲಿ ಬರೆಯುತ್ತಿಲ್ಲ. ಹೆಸರು ಗೊತ್ತಾಗಿ, ಮೊದಲ ಚೀಟಿ ಕೈಗೆ ಬಂದ ಮೇಲಿನ ಐದು, ಹತ್ತು ವರ್ಷಗಳ ಚಿಕಿತ್ಸೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎನ್ನುವುದಷ್ಟೇ ವಿಷಯ.

ಈ ಕಾಯಿಲೆಯ ಔಷಧಗಳಿಗೆ ಒಂದೊಂದಕ್ಕೂ ಒಂದೊಂದು ಗಡಿಯಾರವಿದೆ. ಒಂದು ಅರ್ಧ ಗಂಟೆಯಲ್ಲಿ ಗುಣ ತೋರಿಸುತ್ತದೆ, ಇನ್ನೊಂದು ಕೆಲವು ದಿನಗಳಲ್ಲಿ, ಮತ್ತೊಂದು ವಾರಗಳಲ್ಲಿ, ಮಗದೊಂದು ವರ್ಷ ಕಳೆದ ಮೇಲೆ. ಈ ಗಡಿಯಾರಗಳನ್ನು ಅದಲು ಬದಲು ಮಾಡಿಕೊಂಡಲ್ಲೇ ಹೆಚ್ಚಿನ ಅನಾಹುತ. ಮೂರು ತಿಂಗಳಿಗೆ 'ಇದು ನನಗೆ ಹಿಡಿಯಲಿಲ್ಲ' ಎಂದು ಅಜಾಥಯೋಪ್ರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ) ಬಿಟ್ಟವರು, ಎರಡು ತಿಂಗಳು ಚೆನ್ನಾಗಿದ್ದೆನೆಂದು ಸ್ಟಿರಾಯ್ಡ್ ನಿಲ್ಲಿಸಿದವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮುಂದೆ ಬರುವ ಡೋಸುಗಳೆಲ್ಲ ವಯಸ್ಕರಿಗೆ ಸಾಮಾನ್ಯವಾಗಿ ಬಳಸುವಂಥವು. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕವಿದ್ದರೆ ಅದಕ್ಕೊಂದು ಕಾರಣ ಇದ್ದೀತು, ನ್ಯೂರಾಲಜಿಸ್ಟರನ್ನೇ ಕೇಳಿ.

ಮೊದಲು ಫೈಲಿನಲ್ಲಿ ಒಂದು ಕಾಗದ ಹುಡುಕಿ: ಆಂಟಿಬಾಡಿ ರಿಪೋರ್ಟು. ಆಂಟಿಬಾಡಿ ಎಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೊಟೀನು, ಈ ಕಾಯಿಲೆಯಲ್ಲಿ ಅದು ಮೈಯ ಮೇಲೆಯೇ ತಿರುಗಿಬಿದ್ದಿರುತ್ತದೆ. ನರದ ತುದಿಯಿಂದ ಹೊರಡುವ ರಾಸಾಯನಿಕವಾದ ಅಸಿಟೈಲ್‌ಕೊಲೀನ್ ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ತಾಗಿದರೇನೆ ಸ್ನಾಯು ಬಿಗಿಯುವುದು. ಮೈಯೆಲ್ಲ ಹರಡಿದ ಕಾಯಿಲೆಯಿರುವ ನೂರು ಜನರಲ್ಲಿ ಸುಮಾರು 80–85 ಮಂದಿಯ ರಕ್ತದಲ್ಲಿ ಈ ಗ್ರಾಹಕದ ವಿರುದ್ಧವೇ ಆಂಟಿಬಾಡಿ ಇರುತ್ತದೆ. ಕೆಲವರಲ್ಲಿ ಮಸ್ಕ್ ಎಂಬ ಇನ್ನೊಂದು ಪ್ರೊಟೀನಿನ ವಿರುದ್ಧ ಇರುತ್ತದೆ. ಇದು ಗೊತ್ತಾದದ್ದು 2001ರಲ್ಲಿ. ಉಳಿದವರಲ್ಲಿ ಎರಡೂ ಸಿಗುವುದಿಲ್ಲ. ಯಾವ ಗುಂಪು ಎನ್ನುವುದರ ಮೇಲೆ ಆಪರೇಷನ್ ಬೇಕೇ, ಯಾವ ಔಷಧ ಬೇಗ ಹಿಡಿಯುತ್ತದೆ ಎಂಬುದೆಲ್ಲ ನಿಂತಿದೆ. ಒಮ್ಮೆ ಪಾಸಿಟಿವ್ ಬಂದ ಮೇಲೆ ಮಾತ್ರ ಆರಾರು ತಿಂಗಳಿಗೆ ಅದೇ ಪರೀಕ್ಷೆ ಮಾಡಿಸಿ ದುಡ್ಡು ಸುರಿಯುವ ಅಗತ್ಯವಿಲ್ಲ. ಆಂಟಿಬಾಡಿಯ ಅಂಕಿಗೂ ಕಾಯಿಲೆಯ ಜೋರಿಗೂ ನೇರ ಹೊಂದಾಣಿಕೆ ಇಲ್ಲ. ಅಂಕಿ ಮೂರಿದ್ದವರು ವೆಂಟಿಲೇಟರ್ ಮೇಲಿರಬಹುದು, ಮೂವತ್ತಿದ್ದವರು ಬೈಕ್ ಓಡಿಸಿಕೊಂಡು ಓಡಾಡುತ್ತಿರಬಹುದು.

ಪಿರಿಡೊಸ್ಟಿಗ್ಮಿನ್: ಅರ್ಧ ಗಂಟೆಯ ಗಡಿಯಾರ

1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಫೈಸೊಸ್ಟಿಗ್ಮಿನ್ ಚುಚ್ಚಿ, ಜೋತುಬಿದ್ದ ರೆಪ್ಪೆ ಮೇಲೇಳುವುದನ್ನು ತೋರಿಸಿದರು. ಇವತ್ತಿನ ಪಿರಿಡೊಸ್ಟಿಗ್ಮಿನ್ ಅದೇ ವಂಶದ್ದು. ಅಸಿಟೈಲ್‌ಕೊಲೀನನ್ನು ಒಡೆಯುವ ಕಿಣ್ವವನ್ನು ತಡೆದು, ಇರುವಷ್ಟನ್ನೇ ಹೆಚ್ಚು ಹೊತ್ತು ಉಳಿಸುತ್ತದೆ. ಆಂಟಿಬಾಡಿಯ ತಂಟೆಗೆ ಹೋಗುವುದಿಲ್ಲ. ಎಂದರೆ ಇದು ಸೋರುವ ಮಾಡಿನ ಕೆಳಗೆ ಇಟ್ಟ ಬಿಂದಿಗೆ. ಮಾಡು ರಿಪೇರಿ ಮಾಡುವ ಔಷಧಗಳು ಬೇರೆ.

60 ಮಿ.ಗ್ರಾಂ ಮಾತ್ರೆ. ಅರ್ಧ ಮಾತ್ರೆ ದಿನಕ್ಕೆ ಮೂರು ಸಲ ಶುರುಮಾಡಿ, ಕೆಲವು ದಿನಗಳಲ್ಲಿ ಒಂದು ಮಾತ್ರೆ ನಾಲ್ಕೈದು ಸಲಕ್ಕೆ ಏರಿಸುವುದು ರೂಢಿ. ನುಂಗಿ 30–45 ನಿಮಿಷಕ್ಕೆ ಕೆಲಸ ಶುರು, ಒಂದೆರಡು ಗಂಟೆಗೆ ಅದರ ಪೂರ್ತಿ ಬಲ, ಮೂರ್ನಾಲ್ಕು ಗಂಟೆಗೆ ಇಳಿತ. ಆದ್ದರಿಂದ ಅಗಿಯಲು, ನುಂಗಲು ಕಷ್ಟವಿರುವವರು ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆ ತೆಗೆದುಕೊಂಡು, ಅದರ ಬಲ ಇರುವಾಗಲೇ ಊಟ ಮುಗಿಸಬೇಕು. ಊಟವಾದ ಮೇಲೆ ಗುಳಿಗೆ ಎನ್ನುವ ನಮ್ಮ ಸಾಮಾನ್ಯ ಅಭ್ಯಾಸ ಇಲ್ಲಿ ಉಲ್ಟಾ. ಇದರಿಂದ ಹೊಟ್ಟೆ ನುಲಿಯುವವರು ಎರಡು ಬಿಸ್ಕತ್ತು ಜೊತೆಗಿಟ್ಟುಕೊಳ್ಳಲಿ. ಇನ್ನೊಂದು ಮಾತು: ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಕಡೆಯ ಪದ್ಧತಿ. ಗಂಟಲಿನ ಸ್ನಾಯು ಸೋತಿರುವ ದಿನಗಳಲ್ಲಿ ಅದನ್ನು ಬದಿಗಿಡಿ. ನೀರು, ತಿಳಿಸಾರು ಕೂಡ ಕೆಲವರಿಗೆ ಮೂಗಿಗೆ ಏರುತ್ತದೆ. ಗಟ್ಟಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ ಅದಕ್ಕಿಂತ ಸಲೀಸು.

ಅಡ್ಡ ಪರಿಣಾಮ ಹೆಚ್ಚಾಗಿ ಕರುಳಿನದು, ಆದರೆ ಅದಷ್ಟೇ ಅಲ್ಲ: ಹೊಟ್ಟೆ ನುಲಿತ, ಭೇದಿ, ಬಾಯಲ್ಲಿ ಜೊಲ್ಲು, ಬೆವರು, ಕಣ್ಣಿನ ಸುತ್ತ ಅಥವಾ ತೊಡೆಯಲ್ಲಿ ಸ್ನಾಯು ಅದುರುವುದು. ಕರುಳಿನ ಕಾಟಕ್ಕೆ ಗ್ಲೈಕೊಪಿರ್ರೊಲೇಟ್ 1 ಮಿ.ಗ್ರಾಂ ಬರೆದುಕೊಡುವುದುಂಟು. 180 ಮಿ.ಗ್ರಾಂನ ನಿಧಾನವಾಗಿ ಕರಗುವ ಮಾತ್ರೆ ಸಿಗುತ್ತದೆ. ಬೆಳಗಿನ ಜಾವ ಎದ್ದ ಕೂಡಲೇ ಸುಸ್ತೆನ್ನುವವರಿಗೆ ರಾತ್ರಿ ಮಲಗುವಾಗ ಅದು ಉಪಯೋಗ. ಅದನ್ನು ಅರೆದು, ಪುಡಿಮಾಡಿ ಕೊಡಬಾರದು, ಮೂರು ಮಾತ್ರೆಯ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಇದು ಅಷ್ಟು ನೆಚ್ಚುವಂಥದ್ದಲ್ಲ, ಹೀರುವಿಕೆ ದಿನದಿಂದ ದಿನಕ್ಕೆ ವ್ಯತ್ಯಾಸವಾಗುತ್ತದೆ.

ದಿನಕ್ಕೆ ಎಂಟು ಮಾತ್ರೆ ಮೀರಿಯೂ ಬಲ ಸಾಲುತ್ತಿಲ್ಲವೆಂದರೆ ಇನ್ನೊಂದು ಮಾತ್ರೆ ಸೇರಿಸುವುದು ಉತ್ತರವಲ್ಲ. ಕಾಯಿಲೆ ಏರುತ್ತಿದೆ, ಮೂಲಕ್ಕೆ ಔಷಧ ಬೇಕು ಎಂದರ್ಥ. ಅತಿಯಾದ ಪಿರಿಡೊಸ್ಟಿಗ್ಮಿನ್ ತಾನೇ ಸ್ನಾಯುವನ್ನು ಸೋಲಿಸುತ್ತದೆ. ರೆಪ್ಪೆ ಇದಕ್ಕೆ ಚೆನ್ನಾಗಿ ಸ್ಪಂದಿಸಿದರೂ ಎರಡೆರಡಾಗಿ ಕಾಣುವುದು ಎಷ್ಟೋ ಸಲ ಹಾಗೇ ಉಳಿಯುತ್ತದೆ. ಮಸ್ಕ್ ಗುಂಪಿನ ಹೆಚ್ಚಿನವರಿಗಂತೂ ಇದು ಸರಿಯಾಗಿ ಒಗ್ಗುವುದಿಲ್ಲ. ಅಂಥವರಿಗೆ ಡೋಸ್ ಏರಿಸುತ್ತ ಹೋಗುವುದು ಬರೀ ಕಾಲಹರಣ.

ಥೈಮಸ್ ತೆಗೆಸಬೇಕೇ?

ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಥೈಮಸ್ ಗ್ರಂಥಿ ಇರುತ್ತದೆ. ಮಯಸ್ತೇನಿಯಾ ಇರುವ ನೂರರಲ್ಲಿ 10–15 ಮಂದಿಗೆ ಇಲ್ಲಿ ಥೈಮೋಮಾ ಎಂಬ ಗೆಡ್ಡೆ ಸಿಗುತ್ತದೆ. ಹಾಗಾಗಿ ರೋಗ ಖಚಿತವಾದ ಎಲ್ಲರಿಗೂ ಎದೆಯ ಸಿ.ಟಿ. ಆಗಬೇಕು, ಎಕ್ಸ್‌ರೇ ಸಾಲದು. ಗೆಡ್ಡೆ ಇದ್ದರೆ ತೆಗೆಸುವುದೇ, ಚರ್ಚೆಯಿಲ್ಲ.

ಗೆಡ್ಡೆ ಇಲ್ಲದವರ ಮಾತು ಬೇರೆ. 1930ರ ದಶಕದ ಕೊನೆಯಿಂದ ಸರ್ಜನ್ನರು ಥೈಮಸ್ ತೆಗೆಯುತ್ತ ಬಂದರೂ ಸರಿಯಾದ ಹೋಲಿಕೆಯ ಅಧ್ಯಯನ ಪ್ರಕಟವಾದದ್ದು 2016ರಲ್ಲಿ. ಗ್ರಾಹಕದ ಆಂಟಿಬಾಡಿ ಇದ್ದ, ಕಾಯಿಲೆ ಶುರುವಾಗಿ ಐದು ವರ್ಷ ದಾಟದ, 18ರಿಂದ 65 ವಯಸ್ಸಿನ 126 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್, ಇನ್ನೊಂದಕ್ಕೆ ಪ್ರೆಡ್ನಿಸೋನ್ ಜೊತೆ ಆಪರೇಷನ್ ಕೊಟ್ಟು ಮೂರು ವರ್ಷ ನೋಡಿದರು. ದಿನ ಬಿಟ್ಟು ದಿನ ಬೇಕಾದ ಸ್ಟಿರಾಯ್ಡಿನ ಸರಾಸರಿ ಡೋಸು ಆಪರೇಷನ್ ಆದವರಲ್ಲಿ 44 ಮಿ.ಗ್ರಾಂ, ಆಗದವರಲ್ಲಿ 60. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಆಪರೇಷನ್ ಆದವರಲ್ಲಿ ನೂರಕ್ಕೆ 9, ಆಗದವರಲ್ಲಿ 37.

ಇದರಲ್ಲಿ ಕಾಣುವ ಲಾಭ ದೊಡ್ಡದೇ, ಆದರೆ ಅದು ತಿಂಗಳುಗಳು, ವರ್ಷಗಳ ಲೆಕ್ಕದಲ್ಲಿ ಕೈಗೆ ಬರುವಂಥದ್ದು. ಆಪರೇಷನ್ ಆದ ವಾರಕ್ಕೆ ಮಾತ್ರೆ ಬಿಡಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ತುರ್ತು ಆಪರೇಷನ್ನೂ ಅಲ್ಲ: ನುಂಗಲು ಕಷ್ಟ, ಉಸಿರಿಗೆ ಕಷ್ಟ ಇರುವಾಗ ಥಿಯೇಟರಿಗೆ ಹೋಗಬಾರದು. ಮೊದಲು ಔಷಧದಿಂದಲೋ, ಪ್ಲಾಸ್ಮಾ ಬದಲಾವಣೆಯಿಂದಲೋ (ಆಂಟಿಬಾಡಿ ಇರುವ ರಕ್ತದ ದ್ರವಭಾಗ ತೆಗೆದು ಬೇರೆ ತುಂಬುವುದು) ಕಾಯಿಲೆಯನ್ನು ಹತೋಟಿಗೆ ತಂದು, ಉಸಿರಿನ ಸಾಮರ್ಥ್ಯ ಅಳೆದು, ಆಮೇಲೆ. ಮೇಲೆ ಹೇಳಿದ ಅಧ್ಯಯನದಲ್ಲಿ ಎದೆಮೂಳೆ ಸೀಳಿಯೇ ಆಪರೇಷನ್ ಮಾಡಿದ್ದು. ಈಗ ಕ್ಯಾಮೆರಾ ಬಳಸಿ, ರೋಬೋಟ್ ಬಳಸಿ ಪಕ್ಕೆಯ ಸಣ್ಣ ತೂತುಗಳಿಂದಲೂ ಮಾಡುತ್ತಾರೆ. ಯಾವ ದಾರಿಯಾದರೂ ಗ್ರಂಥಿಯ ಸುತ್ತಲಿನ ಕೊಬ್ಬನ್ನೂ ಸೇರಿಸಿ ಪೂರ್ತಿ ತೆಗೆಯುವುದು ಮುಖ್ಯ, ಏಕೆಂದರೆ ಥೈಮಸ್‌ನ ಚೂರುಗಳು ಆ ಕೊಬ್ಬಿನಲ್ಲೂ ಅಡಗಿರುತ್ತವೆ. ಮಸ್ಕ್ ಗುಂಪಿನವರಿಗೆ ಇದರಿಂದ ಪ್ರಯೋಜನ ಕಂಡಿಲ್ಲ.

ಸ್ಟಿರಾಯ್ಡ್: ಬೇಗ ಏರುವುದು, ನಿಧಾನ ಇಳಿಯುವುದು

ಪ್ರೆಡ್ನಿಸೊಲೋನ್ ಅಗ್ಗ, ಎಲ್ಲ ಊರಿನಲ್ಲೂ ಸಿಗುತ್ತದೆ, ಹೆಚ್ಚಿನವರಿಗೆ ಕೆಲಸ ಮಾಡುತ್ತದೆ. 2ರಿಂದ 4 ವಾರದಲ್ಲಿ ಗುಣ ಕಾಣತೊಡಗಿ, ಮೂರರಿಂದ ಆರು ತಿಂಗಳಿಗೆ ಅದರ ಪೂರ್ತಿ ಫಲ. ಆದರೆ ಶುರುವಿನಲ್ಲೇ ಒಂದು ಗುಂಡಿ ಇದೆ. ಒಮ್ಮೆಲೇ ದೊಡ್ಡ ಡೋಸ್ ಕೊಟ್ಟರೆ ಮೊದಲ ಒಂದೆರಡು ವಾರದಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಾಯಿಲೆ ಮೊದಲು ಜೋರಾಗುತ್ತದೆ, ಕೆಲವರಲ್ಲಿ ವೆಂಟಿಲೇಟರ್ ಬೇಕಾಗುವಷ್ಟು. ಅದಕ್ಕೇ ಮನೆಯಲ್ಲಿ ಶುರುಮಾಡುವಾಗ 10–20 ಮಿ.ಗ್ರಾಂನಿಂದ ಹಿಡಿದು ನಾಲ್ಕೈದು ದಿನಕ್ಕೆ 5 ಮಿ.ಗ್ರಾಂನಂತೆ ಏರಿಸುತ್ತಾರೆ. ನುಂಗಲು, ಉಸಿರಾಡಲು ತೊಂದರೆ ಇದ್ದವರಿಗೆ ದೊಡ್ಡ ಡೋಸ್ ಬೇಕೆಂದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕೊಡಬೇಕು. 'ಸ್ಟಿರಾಯ್ಡ್ ತಗೊಂಡ ಮೇಲೆ ಇನ್ನೂ ಹೆಚ್ಚಾಯಿತು' ಎಂದು ಹತ್ತನೇ ದಿನಕ್ಕೆ ಬಿಟ್ಟುಬಿಡುವವರು ಸಾಕಷ್ಟಿದ್ದಾರೆ. ಡಾಕ್ಟರು ಮೊದಲೇ ಒಂದು ಮಾತು ಹೇಳಿದ್ದರೆ ಬಿಡುತ್ತಿರಲಿಲ್ಲ.

ಶುರುವಿಗೆ ಮುಂಚೆ ಆಗಬೇಕಾದ್ದು: ಎದೆಯ ಎಕ್ಸ್‌ರೇ ಮತ್ತು ಹಳೆಯ ಕ್ಷಯದ ವಿಚಾರಣೆ, ಹೆಪಟೈಟಿಸ್ ಬಿ ಪರೀಕ್ಷೆ, ಶುಗರ್, ಬಿ.ಪಿ., ಕಣ್ಣಿನ ಒತ್ತಡ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರಲ್ಲಿ ಸ್ಟ್ರಾಂಗೈಲಾಯ್ಡಿಸ್ ಎಂಬ ಕರುಳಿನ ಹುಳು ಇದೆಯೇ ಎಂದು ನೋಡಬೇಕು, ಸ್ಟಿರಾಯ್ಡ್ ಕೆಳಗೆ ಅದು ಮೈಯೆಲ್ಲ ಹರಡಿ ಜೀವಕ್ಕೆ ಎರವಾಗಬಲ್ಲದು. ಮಾತ್ರೆ ಬೆಳಿಗ್ಗೆ ತಿಂಡಿಯ ನಂತರ, ಒಂದೇ ಸಲ. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾಳು. ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲ ದಿನದಿಂದಲೇ. ಮೂರು ತಿಂಗಳಿಗೂ ಮೀರಿ ನಡೆಯುವುದಾದರೆ ಮೂಳೆಯ ಸಾಂದ್ರತೆಯ ಸ್ಕ್ಯಾನ್.

ಶುಗರ್ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಶುಗರ್ ಏರಿಸುವುದು ಮಧ್ಯಾಹ್ನ ಊಟದ ನಂತರ ಮತ್ತು ಸಂಜೆ. ಮಾರನೇ ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಖಾಲಿ ಹೊಟ್ಟೆಯದನ್ನಷ್ಟೇ ನೋಡಿ ನೆಮ್ಮದಿಯಾಗಿದ್ದರೆ ಸಕ್ಕರೆ ಕಾಯಿಲೆ ತಿಂಗಳುಗಟ್ಟಲೆ ಕಾಣದೆ ಉಳಿಯುತ್ತದೆ. ಊಟದ ಎರಡು ಗಂಟೆಯ ನಂತರದ್ದನ್ನು ನೋಡಿ.

ಇನ್ನೊಂದು ಇದಕ್ಕಿಂತ ಗೊಂದಲದ್ದು. ಆರೇಳು ತಿಂಗಳು ಸ್ಟಿರಾಯ್ಡ್ ಮೇಲಿರುವವರಿಗೆ ನೆಲದಿಂದ ಏಳಲು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೆ ರೆಪ್ಪೆ, ನುಂಗುವುದು, ಮಾತು ಎಲ್ಲ ಸರಿ. ಕಾಯಿಲೆ ಮರಳಿತೆಂದು ಡೋಸ್ ಏರಿಸಿದರೆ ಇನ್ನೂ ಕೆಡುತ್ತದೆ. ತೊಡೆಯ ಸ್ನಾಯುವನ್ನು ಸ್ಟಿರಾಯ್ಡೇ ಕರಗಿಸುತ್ತಿರುವ ಲಕ್ಷಣ ಅದು. ಮಯಸ್ತೇನಿಯಾದ ಸೋಲು ಸಂಜೆಗೆ ಹೆಚ್ಚು, ಪಿರಿಡೊಸ್ಟಿಗ್ಮಿನ್ ನುಂಗಿದರೆ ಕಡಿಮೆ. ಸ್ಟಿರಾಯ್ಡಿನ ಸೋಲು ಇಡೀ ದಿನ ಒಂದೇ ಸಮ, ಮಾತ್ರೆಗೆ ಜಗ್ಗುವುದಿಲ್ಲ.

ಇಳಿಸುವ ಲೆಕ್ಕ ಹೀಗೆ: 50–60 ಮಿ.ಗ್ರಾಂನಲ್ಲಿ ಲಕ್ಷಣಗಳೆಲ್ಲ ಹೆಚ್ಚುಕಡಿಮೆ ಹೋಗಿ ಒಂದೆರಡು ತಿಂಗಳು ಹಾಗೇ ನಿಂತ ಮೇಲೆ, ತಿಂಗಳಿಗೆ 5–10 ಮಿ.ಗ್ರಾಂನಂತೆ 20ರವರೆಗೆ. ಅಲ್ಲಿಂದ ತಿಂಗಳಿಗೆ 2.5. ಹತ್ತರ ಕೆಳಗೆ ತಿಂಗಳಿಗೆ 1. ಇಷ್ಟು ನಿಧಾನ ಏಕೆಂದರೆ ಇವತ್ತು ಇಳಿಸಿದ್ದರ ಪರಿಣಾಮ ಇವತ್ತೇ ಕಾಣುವುದಿಲ್ಲ, ವಾರಗಳು, ಕೆಲವೊಮ್ಮೆ ಎರಡು ಮೂರು ತಿಂಗಳು ಕಳೆದು ಕಾಣುತ್ತದೆ. ಪ್ರತಿ ವಾರ ಇಳಿಸಿದರೆ, ಕಾಯಿಲೆ ಮರಳಿದಾಗ ಯಾವ ಮೆಟ್ಟಿಲಲ್ಲಿ ಜಾರಿದೆವೆಂದೇ ತಿಳಿಯುವುದಿಲ್ಲ, ಮತ್ತೆ ಕೆಳಗಿನಿಂದ ಹತ್ತಬೇಕು. ಜಪಾನಿನ ತಜ್ಞರು ತಮ್ಮ ಮಾರ್ಗಸೂಚಿಯಲ್ಲಿ ಇಟ್ಟುಕೊಂಡ ಗುರಿ ದಿನಕ್ಕೆ 5 ಮಿ.ಗ್ರಾಂ ಅಥವಾ ಅದಕ್ಕೂ ಕಡಿಮೆಯಲ್ಲಿ ದಿನನಿತ್ಯದ ಬದುಕಿಗೆ ಅಡ್ಡಿಯಿಲ್ಲದಂತೆ ಇರುವುದು. ಸೊನ್ನೆಗೇ ತರಬೇಕೆಂಬ ಹಟಕ್ಕಿಂತ ಇದು ವಿವೇಕದ ಗುರಿ.

ಒಮ್ಮೆಲೇ ನಿಲ್ಲಿಸಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ವಾಂತಿ ಭೇದಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಅದು ನಿಲ್ಲಿಸಿದಂತೆಯೇ ಎಂಬುದು. ಮೈಯ ಸ್ವಂತ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ಬಿ.ಪಿ. ಕುಸಿಯಬಹುದು. ಅಂಥ ಸಮಯದಲ್ಲಿ ಆಸ್ಪತ್ರೆಗೆ ಹೋಗಿ, ಸ್ಟಿರಾಯ್ಡ್ ಮೇಲಿದ್ದೇನೆಂದು ಮೊದಲೇ ಹೇಳಿ, ಇಂಜೆಕ್ಷನ್ ರೂಪದಲ್ಲಿ ತೆಗೆದುಕೊಳ್ಳಬೇಕು.

ಅಜಾಥಯೋಪ್ರಿನ್: ವರ್ಷದ ಗಡಿಯಾರ

ಸ್ಟಿರಾಯ್ಡ್ ಇಳಿಸಬೇಕೆಂದರೆ ಅದರ ಭಾರ ಹೊರಲು ಇನ್ನೊಂದು ಔಷಧ ಬೇಕು. ಹೆಚ್ಚಾಗಿ ಅದು ಅಜಾಥಯೋಪ್ರಿನ್. 50 ಮಿ.ಗ್ರಾಂನಿಂದ ಶುರುಮಾಡಿ, ಎರಡು ವಾರಕ್ಕೋ ತಿಂಗಳಿಗೋ ಒಂದು ಮಾತ್ರೆಯಂತೆ ಏರಿಸಿ, ಮೈತೂಕದ ಕೆ.ಜಿ.ಗೆ 2–3 ಮಿ.ಗ್ರಾಂಗೆ ಮುಟ್ಟಿಸುವುದು. 60 ಕೆ.ಜಿ. ತೂಗುವವರಿಗೆ ಎಂದರೆ ದಿನಕ್ಕೆ ಸುಮಾರು 150 ಮಿ.ಗ್ರಾಂ, ಮೂರು ಮಾತ್ರೆ. ವರ್ಷಗಟ್ಟಲೆ ಒಂದೇ ಮಾತ್ರೆಯಲ್ಲಿ ನಿಂತು 'ಅಜಾಥಯೋಪ್ರಿನ್ ಉಪಯೋಗವಾಗಲಿಲ್ಲ' ಎನ್ನುವವರು ನಿಜವಾಗಿ ಅದನ್ನು ತೆಗೆದುಕೊಂಡೇ ಇಲ್ಲ.

ಗುಣ ಕಾಣಲು ಆರರಿಂದ ಹನ್ನೆರಡು ತಿಂಗಳು, ಕೆಲವರಿಗೆ ಒಂದೂವರೆ ವರ್ಷ. 1998ರಲ್ಲಿ ಪ್ರಕಟವಾದ 34 ಮಂದಿಯ ಅಧ್ಯಯನದಲ್ಲಿ ಮೊದಲ ವರ್ಷ ಬರೀ ಪ್ರೆಡ್ನಿಸೊಲೋನ್ ತೆಗೆದುಕೊಂಡವರಿಗೂ ಅಜಾಥಯೋಪ್ರಿನ್ ಸೇರಿಸಿಕೊಂಡವರಿಗೂ ವ್ಯತ್ಯಾಸವೇ ಇರಲಿಲ್ಲ. ಮೂರನೇ ವರ್ಷದ ಕೊನೆಗೆ ಅಜಾಥಯೋಪ್ರಿನ್ ಸೇರಿಸಿಕೊಂಡವರಲ್ಲಿ ಕಡಿಮೆಯೆಂದರೂ ಅರ್ಧದಷ್ಟು ಮಂದಿಯ ಪ್ರೆಡ್ನಿಸೊಲೋನ್ ಡೋಸ್ ಸೊನ್ನೆಗೆ ಬಂದಿತ್ತು. ಇದನ್ನು ಗೋಡೆಗೆ ಅಂಟಿಸಿಟ್ಟುಕೊಂಡರೂ ತಪ್ಪಿಲ್ಲ. ಸ್ಟಿರಾಯ್ಡ್ ಇಳಿಸಲು ಹೊರಡುವಾಗ ಅಜಾಥಯೋಪ್ರಿನ್ ಶುರುಮಾಡಿದರೆ ತಡವಾಯಿತು. ಎರಡನ್ನೂ ಹತ್ತಿರ ಹತ್ತಿರ ಶುರುಮಾಡಿದರೆ ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಎದ್ದು ನಿಂತಿರುತ್ತದೆ.

ಮೊದಲ ಎರಡು ವಾರದಲ್ಲಿ ಜ್ವರ, ವಾಂತಿ, ಹೊಟ್ಟೆನೋವು ಒಟ್ಟಿಗೆ ಬಂದರೆ ವೈರಲ್ ಜ್ವರವೆಂದು ತಳ್ಳಿಹಾಕಬೇಡಿ. ಕೆಲವರ ಮೈ ಈ ಔಷಧಕ್ಕೆ ಹೀಗೆ ತಿರುಗಿ ಬೀಳುತ್ತದೆ. ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಮತ್ತೆ ಕೊಟ್ಟರೆ ಮತ್ತೆ ಬರುತ್ತದೆ; ಅವರಿಗೆ ಇದು ಆಗದು. ರಕ್ತಕಣಗಳ ಎಣಿಕೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಡೋಸ್ ಒಂದೇ ಕಡೆ ನಿಂತ ಮೇಲೆ ಮೂರು ತಿಂಗಳಿಗೊಮ್ಮೆ. ಜೊತೆಗೆ ಲಿವರ್ ಪರೀಕ್ಷೆ. ಬಿಳಿ ರಕ್ತಕಣ 4,000ಕ್ಕಿಂತ ಇಳಿದರೆ ಡೋಸ್ ಇಳಿಸುವುದು, 3,000ಕ್ಕಿಂತ ಇಳಿದರೆ ನಿಲ್ಲಿಸುವುದು ಸಾಮಾನ್ಯ ಕ್ರಮ. ಸ್ಟಿರಾಯ್ಡ್ ತಾನಾಗಿಯೇ ಬಿಳಿ ಕಣ ಏರಿಸುತ್ತದೆ ಎನ್ನುವುದು ನೆನಪಿರಲಿ, 12,000 ಕಂಡ ಕೂಡಲೇ ಸೋಂಕೆಂದು ಗಾಬರಿಯಾಗಬೇಕಿಲ್ಲ. ಈ ಔಷಧಕ್ಕೆ ಬಿಳಿ ಕಣ ದಿಢೀರ್ ಕುಸಿಯುವುದಕ್ಕೆ ಕಾರಣವಾಗುವ ಜೀನ್ ಬದಲಾವಣೆಗಳಲ್ಲಿ ನಮ್ಮ ಜನರಲ್ಲಿ ನೋಡಬೇಕಾದ್ದು ಎನ್.ಯು.ಡಿ.ಟಿ.15. ಟಿ.ಪಿ.ಎಂ.ಟಿ. ಎಂಬ ಇನ್ನೊಂದು ಜೀನಿನ ಪರೀಕ್ಷೆ ಒಂದನ್ನೇ ಮಾಡಿಸಿ ನಿಶ್ಚಿಂತರಾಗುವುದು ಸರಿಯಲ್ಲ.

ಗೌಟ್‌ಗೆ ಕೊಡುವ ಅಲೋಪ್ಯುರಿನಾಲ್, ಫೆಬುಕ್ಸೊಸ್ಟಾಟ್ ಇದರ ಜೊತೆ ಕೂಡುವಂತಿಲ್ಲ. ಅಜಾಥಯೋಪ್ರಿನ್ ಒಡೆಯದೆ ಉಳಿದು ಮಜ್ಜೆಯನ್ನೇ ಒಣಗಿಸುತ್ತದೆ. ಯೂರಿಕ್ ಆಸಿಡ್ ಜಾಸ್ತಿ ಎಂದು ಬೇರೆ ಡಾಕ್ಟರು ಬರೆದುಕೊಡುವಾಗ ಬಾಯಿಬಿಟ್ಟು ಹೇಳಬೇಕು.

ಅಜಾಥಯೋಪ್ರಿನ್ ಆಗದವರಿಗೆ ಮೈಕೊಫೆನೊಲೇಟ್ ಇದೆ, ದಿನಕ್ಕೆರಡು ಸಲ 1 ಗ್ರಾಂವರೆಗೆ. 2008ರ ಎರಡು ಅಧ್ಯಯನಗಳಲ್ಲಿ ಇದು ಸೋತಿತ್ತು. ಆದರೆ ಆ ಅಧ್ಯಯನಗಳು ನಡೆದದ್ದು ಕೆಲವೇ ತಿಂಗಳು, ಇದರ ಗಡಿಯಾರವೂ ವರ್ಷದ್ದೇ. ಹಾಗಾಗಿ ಬಳಕೆ ಮುಂದುವರಿದಿದೆ. ಗರ್ಭ ಧರಿಸುವ ಸಾಧ್ಯತೆ ಇರುವವರಿಗೆ ಇದು ಕೂಡದು, ಮಗುವಿಗೆ ಅಂಗವೈಕಲ್ಯ ತರುತ್ತದೆ. ಟ್ಯಾಕ್ರೊಲಿಮಸ್ ಇನ್ನೂ ಬೇಗ, ಒಂದೆರಡು ತಿಂಗಳಲ್ಲೇ ಹಿಡಿಯಬಹುದು. ದಿನಕ್ಕೆ 3 ಮಿ.ಗ್ರಾಂ ಸಾಮಾನ್ಯ ಡೋಸ್, ಕಿಡ್ನಿ, ಶುಗರ್, ರಕ್ತದಲ್ಲಿ ಔಷಧದ ಮಟ್ಟ ನೋಡುತ್ತಿರಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿರುವುದರಿಂದ ಚೀಟಿಯ ಮೇಲೆ ವಾರದ ಹೆಸರನ್ನೇ ಬರೆಸಿಕೊಳ್ಳಿ.

ಡ್ರಿಪ್ಪಿನ ಔಷಧಗಳು

ಕಾಯಿಲೆ ಕೈಮೀರಿದಾಗ ಐ.ವಿ.ಐ.ಜಿ. (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯ ಡ್ರಿಪ್) ಅಥವಾ ಪ್ಲಾಸ್ಮಾ ಬದಲಾವಣೆ. ಐ.ವಿ.ಐ.ಜಿ. ಒಟ್ಟು ಕೆ.ಜಿ.ಗೆ 2 ಗ್ರಾಂ, ಎರಡರಿಂದ ಐದು ದಿನಕ್ಕೆ ಹಂಚಿ. 60 ಕೆ.ಜಿ.ಗೆ 120 ಗ್ರಾಂ, ಎಂದರೆ 10 ಗ್ರಾಂನ ಹನ್ನೆರಡು ಬಾಟಲಿ. ಬಿಲ್ಲು ಏಕೆ ಹಾಗೆ ಏರುತ್ತದೆಂದು ಇದರಿಂದಲೇ ತಿಳಿಯುತ್ತದೆ. ಪ್ಲಾಸ್ಮಾ ಬದಲಾವಣೆ ಸಾಮಾನ್ಯವಾಗಿ ದಿನ ಬಿಟ್ಟು ದಿನ ಐದು ಸಲ, ಕುತ್ತಿಗೆ ಅಥವಾ ತೊಡೆಸಂದಿನ ದಪ್ಪ ರಕ್ತನಾಳಕ್ಕೆ ಕೊಳವೆ ಹಾಕಿ. ತುಟಿಯ ಸುತ್ತ ಜುಮ್ಮೆಂದರೆ ಕ್ಯಾಲ್ಸಿಯಂ ಇಳಿದಿದೆ, ಕೂಡಲೇ ಹೇಳಬೇಕು. ಆ ದಿನದ ಮಾತ್ರೆಗಳನ್ನು ಪ್ರಕ್ರಿಯೆ ಮುಗಿದ ಮೇಲೆ ನುಂಗುವುದು ಒಳ್ಳೆಯದು.

ಎರಡರ ಫಲವೂ ಕೆಲವು ವಾರಗಳದ್ದು, ಸಾಮಾನ್ಯವಾಗಿ ಮೂರರಿಂದ ಆರು. ಈ ಅವಧಿ ನಿಮಗೆ ಕೊಂಡುಕೊಟ್ಟ ಸಮಯ. ಅಷ್ಟರೊಳಗೆ ಸ್ಟಿರಾಯ್ಡ್, ಅಜಾಥಯೋಪ್ರಿನ್ ದಾರಿ ಹಿಡಿಯದಿದ್ದರೆ ಏಳನೇ ವಾರಕ್ಕೆ ಮತ್ತೆ ಅದೇ ವಾರ್ಡು.

ಮಸ್ಕ್ ಗುಂಪಿನವರಿಗೆ ರಿಟುಕ್ಸಿಮ್ಯಾಬ್ (ಆಂಟಿಬಾಡಿ ತಯಾರಿಯ ಹಿಂದಿರುವ ಬಿ ಕಣಗಳನ್ನು ಅಳಿಸುವ ಔಷಧ) ಬದುಕನ್ನೇ ಬದಲಿಸುವಷ್ಟು ಚೆನ್ನಾಗಿ ಹಿಡಿಯುತ್ತದೆ, ಅವರಿಗೆ ಅದನ್ನು ಕೊನೆಗೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಗ್ರಾಹಕದ ಗುಂಪಿನಲ್ಲಿ ಫಲ ಅಷ್ಟು ಖಚಿತವಲ್ಲ. ಆದರೂ ಸ್ವೀಡನ್ನಿನ 2022ರ ಅಧ್ಯಯನದಲ್ಲಿ ಕಾಯಿಲೆಯ ಶುರುವಿನಲ್ಲೇ 500 ಮಿ.ಗ್ರಾಂ ಒಂದೇ ಸಲ ಕೊಟ್ಟಾಗ, 16 ವಾರಕ್ಕೆ ಕಡಿಮೆ ಸ್ಟಿರಾಯ್ಡಿನಲ್ಲೇ ಗುರಿ ಮುಟ್ಟಿದವರು ನೂರಕ್ಕೆ 71, ಕೊಡದವರಲ್ಲಿ 29. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಇದರ ದೇಶೀ ರೂಪ ತಂದದ್ದರಿಂದ ನಮ್ಮಲ್ಲಿ ಬೆಲೆ ಕೈಗೆಟುಕುವಂತಾಯಿತು. ಕೊಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಬೇಕಾದ ಲಸಿಕೆಗಳು ಕೆಲವು ವಾರ ಮುಂಚೆಯೇ.

ಹೊಸ ಔಷಧಗಳು ಎರಡು ಬಗೆ. ಎಕುಲಿಜುಮ್ಯಾಬ್ (ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ), ರಾವುಲಿಜುಮ್ಯಾಬ್, ಜಿಲುಕೊಪ್ಲಾನ್ ಕಾಂಪ್ಲಿಮೆಂಟ್ ಎಂಬ ದಾಳಿಯ ಸರಪಣಿಯನ್ನು ತಡೆಯುತ್ತವೆ. ಇವುಗಳಿಗೆ ಎರಡು ವಾರ ಮುಂಚೆ ಮೆನಿಂಜೊಕಾಕಸ್ ಲಸಿಕೆ ಬೇಕು. ಮಸ್ಕ್ ಆಂಟಿಬಾಡಿ ಆ ಸರಪಣಿಯನ್ನು ಬಳಸುವುದಿಲ್ಲವಾದ್ದರಿಂದ ಅವರಿಗೆ ಇವು ಉಪಯೋಗವಿಲ್ಲ. ಎಫ್ಗಾರ್ಟಿಗಿಮಾಡ್ (2021), ರೊಜನೊಲಿಕ್ಸಿಜುಮ್ಯಾಬ್ (2023) ರಕ್ತದಲ್ಲಿನ ಐ.ಜಿ.ಜಿ. ಆಂಟಿಬಾಡಿಯನ್ನೇ ಬೇಗ ಕರಗುವಂತೆ ಮಾಡುತ್ತವೆ. ಇವುಗಳ ಜೊತೆಗೆ ಐ.ವಿ.ಐ.ಜಿ. ಕೊಟ್ಟರೆ ಅದೂ ಹರಿದುಹೋಗುತ್ತದೆ, ದುಡ್ಡಿನ ಹೊಳೆ. ಎರಡೂ ಬಗೆ ಬೇಗ ಗುಣ ತೋರಿಸುತ್ತವೆ, ಬೆಲೆ ಮಾತ್ರ ನಮ್ಮಲ್ಲಿ ಹೆಚ್ಚಿನವರ ಕೈಗೆ ನಿಲುಕದ್ದು.

ಒಂದಕ್ಕೆ ಮದ್ದು, ಇನ್ನೊಂದಕ್ಕೆ ಕುತ್ತು

ಪಿರಿಡೊಸ್ಟಿಗ್ಮಿನ್ ಭೇದಿ ತರುತ್ತದೆ. ಭೇದಿಯೆಂದು ಮೆಡಿಕಲ್ ಶಾಪಿನಲ್ಲಿ ಹೇಳಿದರೆ ಸಿಗುವುದು ಆಫ್ಲಾಕ್ಸಸಿನ್–ಆರ್ನಿಡಜೋಲ್. ಆಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪು ಮಯಸ್ತೇನಿಯಾವನ್ನು ಕೆರಳಿಸುತ್ತದೆ. ಸ್ಟಿರಾಯ್ಡ್ ಕಣ್ಣಿನ ಒತ್ತಡ ಏರಿಸುತ್ತದೆ. ಅದಕ್ಕೆ ಕೊಡುವ ಟಿಮೊಲಾಲ್ ಹನಿ ರೆಪ್ಪೆಯನ್ನು ಇನ್ನಷ್ಟು ಜೋಲಿಸಬಹುದು. ರೋಗನಿರೋಧಕ ಶಕ್ತಿ ತಗ್ಗಿ ಎದೆಯ ಸೋಂಕು ಬಂದರೆ ಅಜಿತ್ರೊಮೈಸಿನ್ ಬರೆಯುತ್ತಾರೆ, ಅದೂ ಕಾಯಿಲೆ ಕೆರಳಿಸುವ ಔಷಧಗಳ ಪಟ್ಟಿಯಲ್ಲಿದೆ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್, ಪ್ರೊಪ್ರನೊಲಾಲ್, ಕ್ವಿನೀನ್, ಕ್ಲೊರೊಕ್ವಿನ್, ಡ್ರಿಪ್ಪಿನಲ್ಲಿ ಕೊಡುವ ಮೆಗ್ನೀಷಿಯಂ, ಬೊಟಾಕ್ಸ್ ಇವೂ ಹಾಗೆಯೇ. ಪೆನಿಸಿಲಿನ್, ಸೆಫಲೊಸ್ಪೊರಿನ್ ಗುಂಪಿನವು, ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಈ ಪಟ್ಟಿಯನ್ನು ಒಂದು ಕಾರ್ಡಿನ ಮೇಲೆ ಬರೆದು ಪರ್ಸಿನಲ್ಲಿಡಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಫೋಟೊ ಇರಲಿ. ಜೀವ ಉಳಿಸಲು ಇವುಗಳಲ್ಲೊಂದು ಬೇಕೇ ಬೇಕಾದರೆ ಕೊಡಬಾರದೆಂದೇನಿಲ್ಲ, ಆಸ್ಪತ್ರೆಯಲ್ಲಿ ಉಸಿರಿನ ಮೇಲೆ ಕಣ್ಣಿಟ್ಟು ಕೊಡಬೇಕು. ಗರ್ಭಿಣಿಯರ ಬಿ.ಪಿ. ಏರಿದಾಗ ಫಿಟ್ಸ್ ತಡೆಯಲು ಕೊಡುವ ಮೆಗ್ನೀಷಿಯಂ ಸಲ್ಫೇಟ್ ಬಗ್ಗೆ ಪ್ರಸೂತಿ ತಜ್ಞರಿಗೂ ಅರಿವಳಿಕೆ ತಜ್ಞರಿಗೂ ಮೊದಲೇ ಹೇಳಿಡುವುದು ಮುಖ್ಯ. ಪಿರಿಡೊಸ್ಟಿಗ್ಮಿನ್, ಪ್ರೆಡ್ನಿಸೊಲೋನ್, ಅಜಾಥಯೋಪ್ರಿನ್ ಅನ್ನು ಬಸಿರಿನಲ್ಲಿ ಮುಂದುವರಿಸುವುದುಂಟು. ಹುಟ್ಟಿದ ಮಗುವಿಗೆ ತಾಯಿಯ ಆಂಟಿಬಾಡಿ ದಾಟಿ ಕೆಲವು ವಾರ ಹಾಲು ಚೀಪಲು, ಅಳಲು ಬಲ ಇಲ್ಲದಿರಬಹುದು, ಮಕ್ಕಳ ಡಾಕ್ಟರು ಇರುವ ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ.

ಉಸಿರಿನ ವಿಷಯದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಿ ಕೂರಬೇಡಿ. ಉಸಿರಿನ ಸ್ನಾಯು ಸೋಲುವಾಗ ಆಕ್ಸಿಜನ್ ಅಂಕಿ ಕೊನೆಯವರೆಗೂ 96, 97 ತೋರಿಸುತ್ತ ಕೂತಿರುತ್ತದೆ. ಬದಲಿಗೆ ದೀರ್ಘ ಉಸಿರೆಳೆದುಕೊಂಡು, ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಸೆಕೆಂಡಿಗೆ ಎರಡರಂತೆ ಜೋರಾಗಿ ಎಣಿಸಿ. ಚೆನ್ನಾಗಿರುವ ದಿನ ನಿಮ್ಮ ಎಣಿಕೆ ಎಷ್ಟೆಂದು ಬರೆದಿಡಿ. ಅದು 20ರ ಕೆಳಗೆ ಇಳಿದರೆ, ಚಪ್ಪಟೆ ಮಲಗಲು ಆಗದಿದ್ದರೆ, ಕೆಮ್ಮು ಸಪ್ಪೆಯಾದರೆ, ಎಂಜಲು ನುಂಗಲಾಗದೆ ಉಗುಳುತ್ತಿದ್ದರೆ, ಕುತ್ತಿಗೆ ಮುಂದಕ್ಕೆ ಬೀಳುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ.

ತಿಂಗಳ ಭೇಟಿಗೆ ಹೋಗುವಾಗ 'ಪರವಾಗಿಲ್ಲ ಸಾರ್' ಎನ್ನುವುದಕ್ಕಿಂತ ಎಂಟು ಅಂಕಿ ಕೊಡಿ. ಮಾತು, ಅಗಿಯುವುದು, ನುಂಗುವುದು, ಉಸಿರು, ಹಲ್ಲುಜ್ಜುವುದು ಮತ್ತು ತಲೆ ಬಾಚುವುದು, ಕುರ್ಚಿಯಿಂದ ಏಳುವುದು, ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು. ಒಂದೊಂದಕ್ಕೂ 0ರಿಂದ 3: ತೊಂದರೆಯೇ ಇಲ್ಲದಿದ್ದರೆ 0, ಅತಿ ಹೆಚ್ಚಿದ್ದರೆ 3. ಹೆಚ್ಚೆಂದರೆ ಒಟ್ಟು 24. ಎರಡು ಅಂಕಿ ಏರಿದರೆ, ಇಳಿದರೆ ಅದಕ್ಕೆ ಅರ್ಥವಿದೆ. ಹಿಂದಿನ ತಿಂಗಳದ್ದರ ಪಕ್ಕದಲ್ಲಿ ಡೋಸ್ ಬರೆದಿಟ್ಟರೆ ಸ್ಟಿರಾಯ್ಡ್ ಇಳಿಸುವಾಗ ಎಲ್ಲಿ ಜಾರಿತೆಂದು ಒಂದು ನೋಟಕ್ಕೆ ಸಿಗುತ್ತದೆ.

ಎಲ್ಲ ಸರಿಯಾಗಿ, ಸ್ಟಿರಾಯ್ಡ್ ಕೊನೆಯ ಮೆಟ್ಟಿಲಿಗೆ ಬಂದಾಗ ಅಜಾಥಯೋಪ್ರಿನ್ ಎಷ್ಟು ದಿನ ಎಂಬ ಪ್ರಶ್ನೆ ಬರುತ್ತದೆ. ಗುರಿ ಮುಟ್ಟಿ ಆರು ತಿಂಗಳಿಂದ ಎರಡು ವರ್ಷ ಹಾಗೇ ನಿಂತ ಮೇಲಷ್ಟೇ ಅದನ್ನು ಮುಟ್ಟುವುದು, ಅದೂ ಮೂರರಿಂದ ಆರು ತಿಂಗಳಿಗೊಮ್ಮೆ ಒಂದು ಮೆಟ್ಟಿಲು. ಮೂರು ಮಾತ್ರೆ ಎರಡೂವರೆಗೆ, ಆರು ತಿಂಗಳು ಬಿಟ್ಟು ಎರಡಕ್ಕೆ. ಹಲವರಿಗೆ ಒಂದು ಚಿಕ್ಕ ಡೋಸ್ ಉಳಿದುಕೊಳ್ಳುತ್ತದೆ, ವರ್ಷಗಟ್ಟಲೆ. ಆ ಡೋಸಿನಲ್ಲಿ ಕೆಲಸ, ಓಡಾಟ, ಹೊಟ್ಟೆ ತುಂಬ ಊಟ ಎಲ್ಲ ನಡೆಯುತ್ತಿದ್ದರೆ, ಮೂರು ತಿಂಗಳಿಗೊಂದು ರಕ್ತ ಪರೀಕ್ಷೆ ಬರೆದು ಹಾಗೇ ಮುಂದುವರಿಸುತ್ತಾರೆ.